ಪ್ರೀತಿ ಭೋಜನದ ಮರುದಿನ

(ಬೀದರಿನಲ್ಲಿ ಸುತ್ತಮುತ್ತಲ ಚರ್ಚ್ ಸಭೆಗಳ ಮಹಿಳಾ ಸಂಘದವರು, ಯುವಕರು, ಸಂಡೇ ಸ್ಕೂಲ್ ಶಿಕ್ಷಕರು ಸೇರಿದ್ದಾಗ ಆಡಿದ ಮಾತುಗಳಿವು. ಮಾತಿನಲ್ಲಿ ಹಿಂದುಮುಂದಾದದ್ದನ್ನು ಬರೆಯುವಾಗ ಅಷ್ಟಿಷ್ಟು ಸರಿಪಡಿಸಿದ್ದೇನೆ.)

ಸಭಾಪಾಲಕರಿಗೆ, ಹುಮನಾಬಾದ್, ಭಾಲ್ಕಿ ಕಡೆಯಿಂದ ಬೆಳಗ್ಗೆಯೇ ಬಸ್ಸು ಹತ್ತಿ ಬಂದ ಅಕ್ಕಂದಿರಿಗೆ, ಹಿಂದಿನ ಸಾಲಿನಲ್ಲಿ ಕೂತ ತಮ್ಮಂದಿರಿಗೆ ವಂದನೆ.

ಡಿಸೆಂಬರ್ 26ರ ಬೆಳಗ್ಗೆ ಚರ್ಚಿನ ಅಂಗಳ ಹೇಗಿರುತ್ತದೆ ಅಂತ ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? 25ರ ಅಂಗಳ ಎಲ್ಲರಿಗೂ ಗೊತ್ತು. ಹೊಸ ಬಟ್ಟೆ, ಮಕ್ಕಳ ನಾಟಕ, ಬಿರಿಯಾನಿಯ ಘಮ. ಮರುದಿನ ನಾವೆಲ್ಲ ಮನೆಯಲ್ಲಿ ದಣಿವಾರಿಸಿಕೊಳ್ಳುತ್ತಿರುತ್ತೇವೆ. ನಾನೂ ಹಾಗೇ ಇದ್ದವಳು. ಕೆಲವು ವರ್ಷಗಳ ಹಿಂದೆ, ಮರೆತುಬಂದ ಒಂದು ಡಬ್ಬಿ ತರಲು ಅಂತ ಏಳು ಗಂಟೆಗೆ ಚರ್ಚಿಗೆ ಹೋದೆ. ಬೇವಿನ ಮರದ ಬುಡದಲ್ಲಿ ಬೆಳ್ಳಿ ಬಣ್ಣದ ತಾಟುಗಳ ಗುಡ್ಡೆ ಬಿದ್ದಿತ್ತು. ಅರ್ಧ ತಿಂದ ಅನ್ನ, ಎಲುಬು, ಚಹಾದ ಕಪ್ಪು, ಎರಡು ಗುಟುಕು ಕುಡಿದು ಬಿಟ್ಟ ನೀರಿನ ಬಾಟಲಿಗಳು. ಒಂದು ಆಕಳು ಆ ಗುಡ್ಡೆಗೆ ಮೂತಿ ಹಾಕಿ ನಿಂತಿತ್ತು. ತಾಟಿಗೆ ಹತ್ತಿದ ಸಾರನ್ನು ನೆಕ್ಕುತ್ತಿದೆ ಅಂದುಕೊಂಡೆ. ಹತ್ತಿರ ಹೋದರೆ ತಾಟನ್ನೇ ಜಗಿಯುತ್ತಿತ್ತು. ಆ ಕಪ್ಪು ಕಣ್ಣು ನನ್ನನ್ನೇ ನೋಡುತ್ತಿದ್ದವು, ದವಡೆ ಮಾತ್ರ ನಿಲ್ಲಲಿಲ್ಲ.

ಗೋಡೆಯ ಆಚೆ ಮೂಲೆಯಲ್ಲಿ ಒಬ್ಬಾಕೆ ಬಗ್ಗಿ ಆ ತಾಟುಗಳನ್ನು ಬರಿಗೈಯಲ್ಲಿ ಚೀಲಕ್ಕೆ ತುಂಬುತ್ತಿದ್ದಳು. ಬೀದಿ ಗುಡಿಸುವ ಕೆಲಸದಾಕೆ. ತಲೆ ಎತ್ತಿ, “ಮೆರ್ರಿ ಕ್ರಿಸ್ಮಸ್ ರೀ ಟೀಚರ್” ಅಂದಳು. ಆಗ ಗುರುತು ಹತ್ತಿತು. ನಮ್ಮ ಸಭೆಯವಳೇ. ಹಿಂದಿನ ದಿನ ಮಧ್ಯಾಹ್ನ ಹಸಿರು ಸೀರೆ ಉಟ್ಟು ನನ್ನ ಪಕ್ಕದ ಸಾಲಿನಲ್ಲಿ ಕೂತು ಉಂಡವಳು.

ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಆ ಬೆಳಗ್ಗೆಯಿಂದಲೇ ಹುಟ್ಟಿದ್ದು. ಪರಿಸರ ಅಂದ ಕೂಡಲೇ ನಾವು ಕಾಡು, ಹಿಮಗಡ್ಡೆ, ಓಜೋನ್ ಅಂತ ದೂರ ಹೋಗುತ್ತೇವೆ. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು, ಅವೆಲ್ಲ ನನಗೂ ಮುಖ್ಯವೇ. ಆದರೆ ಚರ್ಚಿನ ಕೂಟದ ಮಟ್ಟಿಗೆ ನನ್ನ ಪ್ರಶ್ನೆ ಒಂದೇ. ನಾವು ಉಂಡು ಎದ್ದ ಮೇಲೆ ಉಳಿದದ್ದನ್ನು ಎತ್ತುವವರು ಯಾರು?

ಯೋಹಾನನ ಸುವಾರ್ತೆಯ 6ನೇ ಅಧ್ಯಾಯ ನಮಗೆಲ್ಲ ಬಾಯಿಪಾಠ. ಐದು ಜವೆಗೋಧಿ ರೊಟ್ಟಿ, ಎರಡು ಮೀನು, ಐದು ಸಾವಿರ ಗಂಡಸರು. ಜವೆಗೋಧಿ ಆ ಕಾಲದ ಬಡವರ ರೊಟ್ಟಿ, ನಮ್ಮ ಜೋಳದ ರೊಟ್ಟಿ ಇದ್ದ ಹಾಗೆ. ಈ ಭಾಗದ ಮೇಲೆ ನಾನು ಎಷ್ಟೋ ಪ್ರಸಂಗ ಕೇಳಿದ್ದೇನೆ. ಬಹುಪಾಲು ಎಲ್ಲವೂ ಜನ ತೃಪ್ತರಾದರು ಅನ್ನುವಲ್ಲಿಗೆ ಮುಗಿಯುತ್ತವೆ. ಆದರೆ ಕರ್ತನು ಅಲ್ಲಿಗೆ ಮುಗಿಸಲಿಲ್ಲ. 12ನೇ ವಚನ ತೆಗೆದು ನೋಡಿ. ಉಳಿದ ತುಂಡುಗಳನ್ನು ಕೂಡಿಸಿರಿ, ಏನೂ ಹಾಳಾಗಬಾರದು ಅನ್ನುತ್ತಾನೆ. ಐದು ರೊಟ್ಟಿಯನ್ನು ಐದು ಸಾವಿರ ಜನಕ್ಕೆ ಉಣಿಸಬಲ್ಲವನಿಗೆ ಉಳಿದ ತುಂಡಿನ ಚಿಂತೆ ಯಾಕೆ ಬೇಕಿತ್ತು? ಇನ್ನೊಂದು ಮಾತು ಗಮನಿಸಿ. ಆ ಕೆಲಸವನ್ನು ಆತ ಹೇಳಿದ್ದು ಶಿಷ್ಯರಿಗೆ. ಹನ್ನೆರಡು ಜನ ಶಿಷ್ಯರು, ಹನ್ನೆರಡು ಬುಟ್ಟಿ. ಪೇತ್ರನೂ ಬಗ್ಗಿ ಎತ್ತಿರಬೇಕು, ಯೋಹಾನನೂ ಬಗ್ಗಿ ಎತ್ತಿರಬೇಕು. ಆ ಜಾಗದಲ್ಲಿ ಬಹಳ ಹುಲ್ಲಿತ್ತು ಅಂತ ಬರೆದಿದೆ. ಅವರು ಹೊರಟ ಮೇಲೆ ಅಲ್ಲಿ ಹುಲ್ಲು ಮಾತ್ರ ಉಳಿದಿರಬೇಕು.

ಪ್ರೀತಿ ಭೋಜನ, ಅಂದರೆ ಸಭೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವ ಪದ್ಧತಿ, ನಮ್ಮ ಮೆಥೋಡಿಸ್ಟರಿಗೆ ಹಳೆಯದು. ಮೆಥೋಡಿಸ್ಟ್ ಪಂಥಕ್ಕೆ ಬುನಾದಿ ಹಾಕಿದ ಜಾನ್ ವೆಸ್ಲಿಯವರು ಇದನ್ನು ಮೊರಾವಿಯನ್ ಸಹೋದರರು ಅನ್ನುವ ಕ್ರೈಸ್ತ ಪಂಗಡದವರಿಂದ ಕಲಿತರು. 1737ರಲ್ಲಿ, ಅಮೆರಿಕದ ಜಾರ್ಜಿಯಾದಲ್ಲಿದ್ದಾಗ. ಆಗಿನ ಪ್ರೀತಿ ಭೋಜನದಲ್ಲಿ ಇದ್ದದ್ದು ರೊಟ್ಟಿ ಮತ್ತು ನೀರು, ಅಷ್ಟೇ. ನೀರಿಗೆ ಎರಡು ಹಿಡಿಕೆಯ ಒಂದು ಬಟ್ಟಲು. ಎರಡು ಹಿಡಿಕೆ ಇದ್ದರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡಲು ಸಲೀಸು. ಅದೇ ಬಟ್ಟಲು ಇಡೀ ಸಭೆ ಸುತ್ತಿ ಬರುತ್ತಿತ್ತು. ರೋಗರುಜಿನದ ತಿಳಿವಳಿಕೆ ಇರುವ ಈ ಕಾಲದಲ್ಲಿ ಎಲ್ಲರೂ ಒಂದೇ ಬಟ್ಟಲಿಗೆ ಬಾಯಿ ಹಚ್ಚಿರಿ ಅಂತ ನಾನು ಹೇಳಲಾರೆ. ಆದರೆ ಪ್ರೀತಿ ಭೋಜನದ ಬೇರಿನಲ್ಲಿ ಎಸೆಯುವ ಪಾತ್ರೆ ಇರಲಿಲ್ಲ, ಹಂಚಿಕೊಳ್ಳುವ ಪಾತ್ರೆ ಇತ್ತು.

ಈಗ ತಾಟಿನ ಕಥೆ. ಇದರಲ್ಲಿ ನಾನೊಂದು ತಪ್ಪು ಮಾಡಿದೆ, ಅದರಿಂದಲೇ ಹೆಚ್ಚು ಕಲಿತೆ.

ಆ ಆಕಳನ್ನು ನೋಡಿ ಬಂದ ಮೇಲೆ, ಮುಂದಿನ ಈಸ್ಟರ್ ಊಟಕ್ಕೆ ಮಹಿಳಾ ಸಂಘದಲ್ಲಿ ಎದ್ದು ನಿಂತು ಒಂದು ಸಲಹೆ ಕೊಟ್ಟೆ. ಎಲ್ಲರೂ ಮನೆಯಿಂದ ತಮ್ಮ ತಮ್ಮ ತಾಟು, ಲೋಟ ತರೋಣ, ಉಂಡು ಒಯ್ಯೋಣ, ಕಸವೇ ಇರುವುದಿಲ್ಲ ಅಂದೆ. ಪಟ್ಟಣಗಳಲ್ಲಿ ಇದನ್ನು ಮಾಡುತ್ತಾರೆ ಅಂತ ಓದಿದ್ದೆ. ಬಹಳ ಜನ ಹೂಂ ಅಂದರು. ಗೋಡೆಗೆ ಒರಗಿ ಕೂತಿದ್ದ ಒಬ್ಬ ಆಯಿ ಮಾತ್ರ ಏನೂ ಅನ್ನಲಿಲ್ಲ. ಕೂಟ ಮುಗಿದ ಮೇಲೆ ನನ್ನ ಕೈ ಹಿಡಿದು ಬದಿಗೆ ಕರೆದರು.

“ಯವ್ವಾ, ನೀ ಓದ್ದಾಕಿ. ನಾ ಸಣ್ಣಾಕಿ ಇದ್ದಾಗ ಊರ ದೊಡ್ಡೋರ ಮನ್ಯಾಗ ಲಗ್ನ ಇದ್ರ ನಮಗೂ ಹೇಳಿ ಕಳಸ್ತಿದ್ರು. ನಿಮ್ಮ ತಾಟು ನೀವೇ ತರ್ರಿ ಅಂತಿದ್ರು. ನಮ್ಮವ್ವ ತಾಟು ಸೆರಗಿನಾಗ ಮುಚ್ಚಿಕೊಂಡು ಒಯ್ಯಾಕಿ. ಹೊರಗ ದನದ ಕೊಟ್ಟಿಗಿ ಬಾಜು ಕುಂದರ್ಸಿ ಮ್ಯಾಲಿಂದ ನೀಡೋರು. ಚರ್ಚಿಗಿ ಬಂದ ಮ್ಯಾಲೇ ಮಂದಿ ತಾಟನ್ಯಾಗ ಉಂಡೆ ನಾ. ಈಗ ನೀ ಮತ್ತ ತಾಟು ತಾ ಅಂದ್ರ ಹ್ಯಾಂಗ?”

ನನಗೆ ಉತ್ತರ ಇರಲಿಲ್ಲ. ನಮ್ಮ ಈ ಭಾಗದ ಸಭೆಗಳ ಚರಿತ್ರೆ ನಮಗೆಲ್ಲ ಗೊತ್ತಿದೆ. ನಿಜಾಮರ ಕಾಲದಲ್ಲಿ ಬೀದರ, ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ಸುವಾರ್ತೆಗೆ ಕಿವಿಗೊಟ್ಟವರಲ್ಲಿ ಬಹುಪಾಲು ಜನ ಊರ ಹೊರಗೆ ಇಡಲ್ಪಟ್ಟವರು. ಬೇರೆಯವರು ಉಂಡ ಎಲೆ ಎತ್ತುವುದು ಅವರ ಪಾಲಿನ ಕೆಲಸವಾಗಿತ್ತು. ಪಂಗತಿಯಲ್ಲಿ ಕೂಡುವ ಹಕ್ಕು ಇರಲಿಲ್ಲ. ಅಂಥವರಿಗೆ ಚರ್ಚಿನ ಅಂಗಳದಲ್ಲಿ ಎಲ್ಲರ ಸಾಲಿನಲ್ಲಿ ಕೂತು ಉಣ್ಣುವುದು ಏನಾಗಿತ್ತು ಅನ್ನುವುದನ್ನು ನಾನು, ಕಾಲೇಜು ಓದಿದವಳು, ಪುಸ್ತಕದ ಮಾತಾಗಿ ಮಾತ್ರ ಬಲ್ಲೆ. ಆ ಆಯಿಗೆ ಅದು ಮೈಮೇಲಿನ ಗಾಯದ ಗುರುತು. ಬಿಸಾಡುವ ತಾಟನ್ನು ನಮ್ಮ ಹಿರಿಯರು ಯಾಕೆ ಅಷ್ಟು ಸಂತೋಷದಿಂದ ಒಪ್ಪಿಕೊಂಡರು ಅನ್ನುವುದೂ ಆಗ ತಿಳಿಯಿತು. ಆ ತಾಟು ಯಾರ ಮನೆಯದೂ ಅಲ್ಲ. ಎಲ್ಲರಿಗೂ ಒಂದೇ ತರಹದ್ದು, ಒಬ್ಬರ ಎಂಜಲು ಇನ್ನೊಬ್ಬರು ತೊಳೆಯಬೇಕಿಲ್ಲ.

ಆದ್ದರಿಂದ ಹೊರಗಿನ ಯಾವ ಒಳ್ಳೆಯ ಉಪಾಯವನ್ನೂ ನಮ್ಮ ಜನರ ನೆನಪನ್ನು ಕೇಳದೆ ಇಲ್ಲಿ ತಂದು ಹೇರಬೇಡಿ.

ನಾವು ಆಮೇಲೆ ಮಾಡಿದ್ದು ಹೀಗೆ. ಸಭೆಯ ಹಣದಿಂದ, ಕೆಲವರ ಕೃತಜ್ಞತಾ ಕಾಣಿಕೆಯಿಂದ, ಸ್ಟೀಲ್ ತಾಟು ಮತ್ತು ಲೋಟ ಕೊಂಡೆವು. ಎಲ್ಲವೂ ಒಂದೇ ಅಳತೆ, ಒಂದೇ ಅಚ್ಚು. ಯಾರ ಹೆಸರನ್ನೂ ಕೆತ್ತಿಸಲಿಲ್ಲ. ದಾನ ಕೊಟ್ಟವರ ಹೆಸರು ಹಾಕೋಣ ಅಂತ ಒಂದು ಮಾತು ಬಂತು, ಬೇಡ ಅಂದೆವು. ಎರಡನೆಯ ನಿಯಮ ಮೊದಲಿನದಕ್ಕಿಂತ ದೊಡ್ಡದು. ತೊಳೆಯುವುದು ಸರದಿಯ ಮೇಲೆ, ಅದರಲ್ಲಿ ಗಂಡಸರೂ ಇರಬೇಕು, ಸಭೆಯ ಹಿರಿಯರೂ ಇರಬೇಕು. ಮೊದಲ ಸರದಿ ಸಭಾಪಾಲಕರದು. ಅವರು ತೋಳು ಮಡಚಿ ಕಲ್ಲಿನ ಮೇಲೆ ಕೂತಾಗ ಕೆಲವು ಹೆಂಗಸರು, “ಅಯ್ಯೋ, ಬಿಡ್ರಿ ಪಾಸ್ಟರ್, ನಾವು ತೊಳಿತೀವಿ” ಅಂತ ಓಡಿ ಬಂದರು. ಅವರು ಬಿಡಲಿಲ್ಲ. ಶಿಷ್ಯರ ಕಾಲು ತೊಳೆದವನ ಹೆಸರಿನಲ್ಲಿ ಸಭೆ ಕೂಡುವ ನಮಗೆ ತಾಟು ತೊಳೆಯುವುದು ಹೊಸ ಮಾತಾಗಬಾರದಿತ್ತು. ಆದರೂ ನಮ್ಮಲ್ಲಿ ಬಹಳ ಗಂಡಸರಿಗೆ ಅದೇ ಮೊದಲ ಸಲ.

ಬೀದರಿನವರಿಗೆ ಇದನ್ನು ಕಲಿಯಲು ದೂರ ಹೋಗಬೇಕಿಲ್ಲ. ನಾನಕ್ ಝೀರಾ ಗುರುದ್ವಾರಕ್ಕೆ ನಿಮ್ಮಲ್ಲಿ ಎಲ್ಲರೂ ಒಮ್ಮೆಯಾದರೂ ಹೋಗಿರುತ್ತೀರಿ. ಲಂಗರಿನಲ್ಲಿ, ಅಂದರೆ ಎಲ್ಲರಿಗೂ ಉಣಿಸುವ ಅಲ್ಲಿನ ಊಟದ ಮನೆಯಲ್ಲಿ, ನೆಲದ ಮೇಲೆ ಸಾಲಾಗಿ ಕೂಡಬೇಕು, ಸ್ಟೀಲ್ ತಾಟಿನಲ್ಲಿ ಬಡಿಸುತ್ತಾರೆ. ತಾಟು ತೊಳೆಯುವ ಕಡೆ ಹೋಗಿ ನಿಂತು ನೋಡಿ. ಅಲ್ಲಿ ಅದು ಸೇವೆ, ಯಾರು ಬೇಕಾದರೂ ಕೈ ಹಾಕುತ್ತಾರೆ. ಸಿಖ್ಖರ ಗುರು ಗೋವಿಂದ ಸಿಂಗರ ಪಂಜ್ ಪ್ಯಾರೆ, ಅಂದರೆ ಐದು ಜನ ಪ್ರೀತಿಯ ಶಿಷ್ಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು, ಕ್ಷೌರಿಕ ಕುಲದವರು. ಇತ್ತ ಬಸವಕಲ್ಯಾಣದ ಕಡೆ ತಿರುಗಿದರೆ 12ನೇ ಶತಮಾನದ ಶರಣರ ದಾಸೋಹ ಇದೆ. ಕಲಬುರಗಿಯಲ್ಲಿ ಶರಣಬಸವೇಶ್ವರರ ದಾಸೋಹ ಇದೆ. ಒಟ್ಟಿಗೆ ಕೂತು ಉಣ್ಣುವುದೇ ಒಂದು ಆರಾಧನೆ ಅಂತ ತಿಳಿದ ನೆಲ ಇದು.

ಇನ್ನು ನೀರಿನ ಮಾತು. ತಾಟು ತೊಳೆಯೋಣ ಅಂದಾಗ ಮೊದಲು ಎದ್ದ ಆಕ್ಷೇಪ ಇದೇ. ನ್ಯಾಯವಾದ ಆಕ್ಷೇಪ. ಏಪ್ರಿಲ್ ತಿಂಗಳಲ್ಲಿ ಈಸ್ಟರ್ ಬಂದರೆ ಕುಡಿಯಲಿಕ್ಕೇ ಟ್ಯಾಂಕರ್ ಕಾಯುವ ಓಣಿಗಳಿವೆ. ಬಿಸಾಡುವ ತಾಟಾದರೆ ನೀರು ಉಳಿಯುತ್ತದಲ್ಲ, ನಮ್ಮಂಥ ಒಣ ಸೀಮೆಗೆ ಅದೇ ಒಳ್ಳೆಯದಲ್ಲವೇ ಅಂತ ಒಬ್ಬ ಅಣ್ಣ ಕೇಳಿದರು.

ನಾನು ಮನೆಯಲ್ಲಿ ಮಾಡಿ ನೋಡಿದೆ. ನಳ ಬಿಟ್ಟು ತೊಳೆದರೆ ನೀರು ಹೊಳೆಯಾಗಿ ಹೋಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ನಳ ಮುಟ್ಟದೆ ತೊಳೆಯುವ ಕ್ರಮ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಉಂಡವರು ಮೊದಲು ತಾಟಿನಲ್ಲಿ ಉಳಿದದ್ದನ್ನು ಬುಟ್ಟಿಗೆ ಬಳಿದು ಹಾಕಬೇಕು. ಆಮೇಲೆ ಒಲೆಯ ಬೂದಿಯಿಂದ ಒಣಗಿದ್ದಾಗಲೇ ತಿಕ್ಕಬೇಕು. ಜಿಡ್ಡೆಲ್ಲ ಬೂದಿಗೆ ಹೋಗುತ್ತದೆ. ಬೂದಿಯಲ್ಲಿರುವ ಕ್ಷಾರ ಎಣ್ಣೆಯನ್ನು ಸಾಬೂನಿನ ಹಾಗೆ ಒಡೆಯುತ್ತದೆ, ಇದು ಎಂಟನೆಯ ಇಯತ್ತೆಯ ಮಕ್ಕಳಿಗೆ ನಾನೇ ಹೇಳಿಕೊಟ್ಟ ಪಾಠ. ಆಮೇಲೆ ಮೂರು ಬುಟ್ಟಿ ನೀರು, ಅಂದರೆ ದೊಡ್ಡ ಪ್ಲಾಸ್ಟಿಕ್ ಟಬ್ಬು. ಮೊದಲನೆಯದರಲ್ಲಿ ಸಾಬೂನು, ಎರಡನೆಯದರಲ್ಲಿ ಅದ್ದಿ ತೆಗೆಯುವುದು, ಮೂರನೆಯದರಲ್ಲಿ ಬಿಸಿನೀರು. ಮೊದಲ ಟಬ್ಬಿನ ನೀರು ಕದಡಿದಾಗ ಅದನ್ನು ಚೆಲ್ಲಿ, ಎರಡನೆಯದನ್ನು ಮೊದಲಿನದರ ಜಾಗಕ್ಕೆ ತರುವುದು, ಹೊಸ ನೀರನ್ನು ಕೊನೆಯದಕ್ಕೆ ಮಾತ್ರ ತುಂಬುವುದು. ಹೀಗಾದರೆ ಒಂದೇ ನೀರು ಮೂರು ಸಲ ದುಡಿಯುತ್ತದೆ. ತೊಳೆದ ತಾಟನ್ನು ಬಟ್ಟೆಯಿಂದ ಒರೆಸಬೇಡಿ. ನಮ್ಮಲ್ಲಿ ಬಿಸಿಲಿಗೇನು ಬರ? ಬೋರಲು ಹಾಕಿ ಬಿಸಿಲಿಗೆ ಇಟ್ಟರೆ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಚೆಲ್ಲುವ ನೀರಿಗೆ ಕಲ್ಲು, ಮರಳು ತುಂಬಿದ ಒಂದು ಇಂಗುಗುಂಡಿ ಮಾಡಿದೆವು.

ಈ ಬೀದರಿನ ಕೆಂಪು ನೆಲದ ಗುಣ ನಿಮಗೆ ಗೊತ್ತು. ಜಂಬಿಟ್ಟಿಗೆ ಕಲ್ಲಿನ ನೆಲ, ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅದನ್ನು ಬಲ್ಲವರು 15ನೇ ಶತಮಾನದಲ್ಲಿ, ಬಹಮನಿಗಳ ಕಾಲದಲ್ಲಿ, ನೌಬಾದಿನ ಸುರಂಗ ಬಾವಿ ತೋಡಿದರು. ನೆಲದ ಒಳಗೆ ಸುಮಾರು 3 ಕಿ.ಮೀ. ಸುರಂಗ, ಗಾಳಿ ಬೆಳಕಿಗೆ ಮೇಲಿಂದ ಬಾವಿಗಳು. ಇಂಗಿದ ಮಳೆನೀರೇ ಅದರ ಬಂಡವಾಳ. ಇಂಥ ನೆಲದ ಮೇಲೆ ಪ್ಲಾಸ್ಟಿಕ್ ಹಾಸಿದರೆ, ಅಥವಾ ಚರ್ಚಿನ ಹಿಂದೆ ಗುಂಡಿ ತೋಡಿ ಅದನ್ನು ಹೂತರೆ, ಮೇಲಿನ ನೀರು ಕೆಳಗೆ ಹೋಗುವ ದಾರಿಯನ್ನೇ ನಾವು ಮುಚ್ಚುತ್ತೇವೆ. ಸುಟ್ಟರೂ ಕೇಡು. ಪ್ಲಾಸ್ಟಿಕ್ ಹೊಗೆಯಲ್ಲಿ ಡೈಆಕ್ಸಿನ್‌ನಂಥ ವಿಷ ಇರುತ್ತದೆ, ಅದು ಸಂಡೇ ಸ್ಕೂಲಿನ ಕಿಟಕಿಯಿಂದ ಒಳಗೆ ಬರುತ್ತದೆ.

ಸಾವಿರಾರು ಜನ ಸೇರುವ ಉಪವಾಸ ಕೂಟಗಳಿಗೆ, ಜುಬಿಲಿಗಳಿಗೆ ಸ್ಟೀಲ್ ತಾಟು ಸಾಲುವುದಿಲ್ಲ, ಒಪ್ಪುತ್ತೇನೆ. ಅಲ್ಲಿ ಮುತ್ತುಗದ ಪತ್ರಾವಳಿ ಇದೆಯಲ್ಲ. ಅಡಿಕೆ ಹಾಳೆಯ ತಾಟು ಚೆಂದವೇ, ಆದರೆ ಅದು ಮಲೆನಾಡಿನಿಂದ ಲಾರಿ ಹತ್ತಿ ಬರಬೇಕು. ಬಾಳೆ ಎಲೆ ನಮ್ಮಲ್ಲಿ ದುಬಾರಿ. ಮುತ್ತುಗ ಇಲ್ಲಿನ ಗಿಡ. ಮಾರ್ಚ್ ಹೊತ್ತಿಗೆ ಎಲೆ ಉದುರಿಸಿ ಕೆಂಡದ ಹಾಗೆ ಹೂ ಬಿಡುತ್ತದೆ. ಅದರ ಎಲೆ ಹಚ್ಚಿ ಮಾರುವ ಹೆಂಗಸರು ಇನ್ನೂ ಇದ್ದಾರೆ. ಕೊಳ್ಳುವಾಗ ಒಂದನ್ನು ತಿರುಗಿಸಿ ನೋಡಿ. ಈಗೀಗ ಎಲೆಯ ಕೆಳಗೆ ಪ್ಲಾಸ್ಟಿಕ್ ಹಾಳೆ ಒತ್ತಿದ್ದೂ ಬರುತ್ತದೆ, ಅದು ಬೇಡ. ಕಡ್ಡಿಯಿಂದ ಹಚ್ಚಿದ್ದೇ ಬೇಕು ಅಂತ ಕೇಳಿ ಪಡೆಯಿರಿ. ಉಂಡ ಮೇಲೆ ಅದು ಗೊಬ್ಬರದ ಗುಂಡಿಗೆ ಹೋದರೂ ಸರಿ, ಆಕಳ ಬಾಯಿಗೆ ಹೋದರೂ ಸರಿ.

ಚಹಾದ ಕಪ್ಪಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಕಾಗದದ ಕಪ್ಪು ಅಂದರೆ ಒಳ್ಳೆಯದು ಅಂತ ನಾವು ಅಂದುಕೊಂಡಿದ್ದೇವೆ. ಬರಿ ಕಾಗದವಾದರೆ ಚಹಾ ಸೋರಿ ಹೋಗಬೇಕಿತ್ತಲ್ಲ? ಒಳಗೆ ತೆಳ್ಳಗೆ ಪ್ಲಾಸ್ಟಿಕ್ ಪದರ ಇರುವುದರಿಂದಲೇ ಅದು ನಿಲ್ಲುತ್ತದೆ. ಖರಗ್‌ಪುರದ ಐಐಟಿಯ ಸಂಶೋಧಕರು 2020ರಲ್ಲಿ ಹೇಳಿದ ಲೆಕ್ಕ ಹೀಗಿದೆ. ಅಂಥ ಕಪ್ಪಿನಲ್ಲಿ 100 ಎಂ.ಎಲ್. ಬಿಸಿ ನೀರು 15 ನಿಮಿಷ ಇದ್ದರೆ ಸುಮಾರು 25,000 ಪ್ಲಾಸ್ಟಿಕ್ ಸೂಕ್ಷ್ಮ ಕಣಗಳು ಅದರಲ್ಲಿ ಸೇರುತ್ತವೆ. ಆರಾಧನೆ ಮುಗಿಸಿ, ಮಾತಾಡುತ್ತ ಮಾತಾಡುತ್ತ ನಾವು ಒಂದು ಕಪ್ಪು ಚಹಾ ಹಿಡಿದು ನಿಲ್ಲುವ ಹೊತ್ತು ಹೆಚ್ಚುಕಡಿಮೆ ಅಷ್ಟೇ. ಸ್ಟೀಲ್ ಲೋಟ ಕೈ ಸುಡುತ್ತದೆ ಅಂತ ದೂರು ಬಂತು. ನಿಜ. ನಾವು ಈಗ ಲೋಟದ ತುಂಬ ಹಾಕುವುದಿಲ್ಲ, ಮುಕ್ಕಾಲು ಹಾಕುತ್ತೇವೆ. ಬೇಕಾದವರು ಇನ್ನೊಮ್ಮೆ ಕೇಳುತ್ತಾರೆ, ಚೆಲ್ಲುವುದೂ ಕಡಿಮೆಯಾಗಿದೆ.

ಕುಡಿಯುವ ನೀರಿಗೆ ಸಣ್ಣ ಬಾಟಲಿ ಹಂಚುವುದು ಗೌರವ ಅಂತ ಎಲ್ಲಿಂದಲೋ ನಮಗೆ ಅಂಟಿಕೊಂಡಿದೆ. 20 ಲೀಟರಿನ ಒಂದು ಕ್ಯಾನಿನ ನೀರು 200 ಎಂ.ಎಲ್. ಬಾಟಲಿ ನೂರಕ್ಕೆ ಸಮ. ನೂರು ಬಾಟಲಿ, ನೂರು ಮುಚ್ಚಳ, ನೂರು ಲೇಬಲ್. ಬೇಸಿಗೆಯಲ್ಲಿ ಎರಡು ಹರವಿ ತಂದು, ಹಸಿ ಗೋಣಿತಟ್ಟು ಸುತ್ತಿ, ನೆರಳಿಗೆ ಇಡಿ. ನೀಡಲು ನಮ್ಮ ಯುವಕರ ಸಂಘದ, ಎಂ.ವೈ.ಎಫ್. ಹುಡುಗರನ್ನು ನಿಲ್ಲಿಸಿ. ಯೇಸು ನೀರನ್ನು ದ್ರಾಕ್ಷಾರಸ ಮಾಡಿದ ಕಾನಾ ಊರಿನ ಮದುವೆಯಲ್ಲೂ ನೀರು ಇದ್ದದ್ದು ಆರು ಕಲ್ಲಿನ ಬಾನಿಗಳಲ್ಲಿ, ತುಂಬಿದವರು ಆಳುಗಳು, ರುಚಿಯ ಗುಟ್ಟು ಮೊದಲು ತಿಳಿದದ್ದೂ ಅವರಿಗೇ.

ಅಡುಗೆಯ ಅಳತೆ ಹೇಳುತ್ತೇನೆ. ಅಕ್ಕಿ ಕಿಲೋಗೆ ಎಂಟರಿಂದ ಹತ್ತು ಜನ ಅಂತ ನಮ್ಮ ಅಡುಗೆಯವರ ಲೆಕ್ಕ. 300 ಜನಕ್ಕೆ ಹೇಳಿ, ಕಡಿಮೆ ಬಿದ್ದರೆ ಮರ್ಯಾದೆ ಹೋದೀತು ಅಂತ ನಾವು 400 ಜನದ ಅನ್ನ ಮಾಡಿಸುತ್ತೇವೆ. ಆ ಭಯ ನನಗೆ ಅರ್ಥವಾಗುತ್ತದೆ. ಹಸಿವು ಕಂಡ ಮನೆತನಗಳಿಗೆ ತುಂಬಿದ ಡಬರಿ ನೋಡಿದರೇ ಸಮಾಧಾನ. ಆದರೆ ತಿಪ್ಪೆಯಲ್ಲಿ ಗಾಳಿಯಾಡದೆ ಕೊಳೆಯುವ ಅನ್ನದಿಂದ ಮೀಥೇನ್ ಏಳುತ್ತದೆ. ನೂರು ವರ್ಷದ ಲೆಕ್ಕ ಹಿಡಿದರೂ ಅದು ಇಂಗಾಲದ ಡೈಆಕ್ಸೈಡಿಗಿಂತ 28 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ. ನಮ್ಮ ಸಭೆಯಲ್ಲಿ ಎರಡು ಬದಲಾವಣೆ ಮಾಡಿದೆವು. ಹಿಂದಿನ ಭಾನುವಾರವೇ ಕುಟುಂಬಕ್ಕೆ ಎಷ್ಟು ಜನ ಬರುತ್ತೀರಿ ಅಂತ ಬರೆದುಕೊಳ್ಳುತ್ತೇವೆ. ಬಫೆ ಬಿಟ್ಟು ಪಂಗತಿಗೆ ಮರಳಿದೆವು. ಪಂಗತಿಯಲ್ಲಿ ಬಡಿಸುವವರು ಎದುರು ನಿಂತು ಹಾಕಲೇ, ಸಾಕೇ ಅಂತ ಕೇಳುತ್ತಾರೆ. ಬಫೆಯಲ್ಲಿ ಇನ್ನೊಮ್ಮೆ ಸಾಲು ನಿಲ್ಲಬೇಕಲ್ಲ ಅಂತ ಒಂದೇ ಸಲ ಗುಡ್ಡೆ ಹಾಕಿಕೊಳ್ಳುತ್ತೇವೆ.

ಏನು ಬಡಿಸುವುದು? ಬಿರಿಯಾನಿ ಬಿಡಿ ಅಂತ ನಾನು ಹೇಳಿದರೆ ಇಲ್ಲಿಂದ ಯಾರೂ ಎದ್ದು ಹೋಗಬಾರದು, ಹಾಗೆ ಹೇಳುವುದೂ ಇಲ್ಲ. ವರ್ಷಕ್ಕೊಂದು ಸಲ ಮನಸಾರೆ ಉಣ್ಣಲಿ. ಸುಗ್ಗಿ ಹಬ್ಬದ ಊಟವನ್ನಾದರೂ ನಮ್ಮ ಹೊಲದ್ದೇ ಮಾಡಬಹುದು. ಹಿರಿಯರು ಪ್ರಥಮ ಫಲ ಅಂತ ಜೋಳ, ಕಡಲೆ, ಕುಂಬಳಕಾಯಿ ತಂದು ವೇದಿಕೆಯ ಮುಂದೆ ಇಡುತ್ತಾರೆ, ಹರಾಜು ಹಾಕುತ್ತೇವೆ. ಅದೇ ದಿನ ಊಟಕ್ಕೆ ದೂರದ ಅಕ್ಕಿ, ಪ್ಯಾಕೆಟ್ ಸಿಹಿ. ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿಬ್ಯಾಳಿ ಮಾಡಿ. ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೇ ಸಿಕ್ಕಿದೆ. ಒಣ ರೊಟ್ಟಿ ಉಳಿದರೆ ವಾರಗಟ್ಟಲೆ ಕೆಡುವುದಿಲ್ಲ, ಒಯ್ಯುವವರಿಗೂ ಸಲೀಸು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಫ್ಲೆಕ್ಸ್ ಬ್ಯಾನರ್, ಥರ್ಮಾಕೋಲ್, ಪ್ಲಾಸ್ಟಿಕ್ ತಾಟು, ಕಪ್ಪು, ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಇವನ್ನೆಲ್ಲ ನಮ್ಮ ರಾಜ್ಯ ಸರ್ಕಾರ 2016ರ ಮಾರ್ಚಿನಲ್ಲೇ ನಿಷೇಧಿಸಿದೆ. 2022ರ ಜುಲೈ 1ರಿಂದ ಇಂಥ ಎಷ್ಟೋ ವಸ್ತುಗಳ ಮೇಲೆ ದೇಶದ ನಿಷೇಧವೂ ಇದೆ. ಬಟ್ಟೆಯ ಮೇಲೆ ಬರೆಸಿದ “ಸುಸ್ವಾಗತ” ಹತ್ತು ವರ್ಷ ಬಾಳುತ್ತದೆ, ಅದರಲ್ಲಿ ಇಸವಿ ಬರೆಸಬೇಡಿ. ಗೋದಲಿಗೆ ಥರ್ಮಾಕೋಲ್ ಯಾಕೆ? ಡಿಸೆಂಬರಿನಲ್ಲಿ ತೊಗರಿ ರಾಶಿ ನಡೆದಿರುತ್ತದೆ, ತೊಗರಿ ಕಟ್ಟಿಗೆ, ಜೋಳದ ಕಣಿಕೆ ಎಷ್ಟು ಬೇಕಾದರೂ ಸಿಗುತ್ತದೆ. ಯೇಸು ಹುಟ್ಟಿದ್ದು ದನದ ಗೋದಲಿಯಲ್ಲಿ. ನಮ್ಮ ಮಕ್ಕಳು ನಿಜವಾದ ಕಣಿಕೆಯಿಂದ ಕಟ್ಟಿದಾಗ ಅದರ ವಾಸನೆಯೂ ಗೋದಲಿಯದೇ ಇರುತ್ತದೆ. ಹಬ್ಬ ಮುಗಿದ ಮೇಲೆ ಕಣಿಕೆ ಎಮ್ಮೆಗೆ, ಕಟ್ಟಿಗೆ ಒಲೆಗೆ.

ಆಯಿಯ ವಿಷಯ ಹೇಳಬೇಕು. ಹೊಸ ತಾಟು ಬಂದ ದಿನ ಅವರನ್ನೇ ಮೊದಲ ಪಂಗತಿಯಲ್ಲಿ ಕೂಡಿಸಿದೆವು. ತಾಟನ್ನು ತಿರುಗಿಸಿ ಹಿಂದೆ ಮುಂದೆ ನೋಡಿದರು. “ಯಾರ ಹೆಸರೂ ಇಲ್ಲಲ್ಲ?” ಅಂತ ಕೇಳಿದರು. ಇಲ್ಲ ಆಯಿ ಅಂದೆ. “ಹಂಗಾರ ಬಡಸ್ರಿ” ಅಂದರು.

ಬೀದಿ ಗುಡಿಸುವ ಆ ತಂಗಿ ಈಗಲೂ ಬೆಳಗ್ಗೆ ನಮ್ಮ ಬೀದಿಗೆ ಬರುತ್ತಾಳೆ. ಅವಳ ಕೈಗವಸಿನ ಪ್ರಶ್ನೆ ಇನ್ನೂ ಬಗೆಹರಿದಿಲ್ಲ, ಅದಕ್ಕೊಂದು ಮನವಿ ಬರೆದಿದ್ದೇವೆ, ಹೊರಗೆ ಮೇಜಿನ ಮೇಲಿದೆ, ಓದಿ ಸಹಿ ಮಾಡಿ. ನಮ್ಮ ತಾಟು, ಲೋಟ ಬೇರೆ ಸಭೆಗಳಿಗೂ ಕೊಡುತ್ತೇವೆ. ಬಾಡಿಗೆ ಇಲ್ಲ. ಕ್ರಿಸ್ಮಸ್ಸಿಗೆ ಬೇಕಾದವರು ನವೆಂಬರ್ ಒಳಗೆ ಹೇಳಿ, ಒಂದೇ ದಿನಕ್ಕೆ ಇಬ್ಬರು ಕೇಳಿದರೆ ಕಷ್ಟವಾಗುತ್ತದೆ. ಎಣಿಸಿ ಒಯ್ಯಿರಿ, ತೊಳೆದು ಬಿಸಿಲಿಗೆ ಒಣಗಿಸಿ, ಎಣಿಸಿ ತಂದಿಡಿ. ಚರ್ಚಿನ ಬಲಗಡೆಯ ಸಣ್ಣ ಕೋಣೆಯಲ್ಲಿ ಇವೆ. ಬೀಗದ ಕೈ ಮಹಿಳಾ ಸಂಘದ ಹತ್ತಿರ ಇರುತ್ತದೆ.